ಬಸ್ಸಿಗೊಂದು ದಾರಿ: ಕುರಿಟಿಬಾದಿಂದ ಹುಬ್ಬಳ್ಳಿ–ಧಾರವಾಡದವರೆಗೆ

ನಗರಗಳಲ್ಲಿ ವಾಹನ ದಟ್ಟಣೆ ಹೆಚ್ಚಿದಾಗಲೆಲ್ಲ ಮೊದಲು ಕೇಳಿಬರುವುದು ರಸ್ತೆಯನ್ನು ಅಗಲಗೊಳಿಸಬೇಕೆಂಬ ಬೇಡಿಕೆ. ಸಾರಿಗೆ ಸಂಶೋಧನೆಯು ಈ ನಂಬಿಕೆಯನ್ನು ಹಲವು ಬಾರಿ ಪರೀಕ್ಷೆಗೆ ಒಡ್ಡಿದೆ. ಅಮೆರಿಕದ ನಗರಗಳ 1983ರಿಂದ 2003ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್, ಹೆದ್ದಾರಿಗಳು ಎಷ್ಟು ಪಾಲು ಬೆಳೆಯುತ್ತವೆಯೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಬೆಳೆಯುತ್ತದೆ ಎಂಬುದನ್ನು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಹೊಸ ರಸ್ತೆಯೇ ಹೊಸ ವಾಹನಗಳನ್ನು ಕರೆತರುವ ಈ ವಿದ್ಯಮಾನಕ್ಕೆ ‘ಪ್ರೇರಿತ ಬೇಡಿಕೆ’ ಎಂದು ಹೆಸರು. ಹಾಗಾಗಿ ರಸ್ತೆ ಎಷ್ಟು ಅಗಲವಿರಬೇಕು ಎಂಬುದಕ್ಕಿಂತ, ಇರುವ ಅಗಲದಲ್ಲಿ ಎಷ್ಟು ಜನ ಸಾಗಬಲ್ಲರು ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ರಸ್ತೆಯ ಲೆಕ್ಕವನ್ನು ವಾಹನಗಳಲ್ಲಿ ಹಿಡಿಯದೆ ಜನರಲ್ಲಿ ಹಿಡಿಯಬೇಕೆಂಬುದು ಭಾರತದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳೂ ಹೌದು.

ಈ ಪ್ರಶ್ನೆಗೆ ಅಗ್ಗದ ಉತ್ತರವೊಂದು ಸಿದ್ಧವಾದದ್ದು ಬ್ರೆಜಿಲ್ ದೇಶದ ಕುರಿಟಿಬಾ ನಗರದಲ್ಲಿ. 1965ರಲ್ಲಿ ಆ ನಗರವು ತನ್ನದೇ ಆದ ಸಂಶೋಧನೆ ಮತ್ತು ಯೋಜನಾ ಸಂಸ್ಥೆಯೊಂದನ್ನು ಕಟ್ಟಿಕೊಂಡಿತು. ಅದರಲ್ಲಿ ದುಡಿದಿದ್ದ ವಾಸ್ತುಶಿಲ್ಪಿ ಜೈಮಿ ಲೆರ್ನರ್ 1971ರಲ್ಲಿ ಮೇಯರ್ ಆದರು. ನೆಲದಡಿಯ ರೈಲು ಕಟ್ಟುವಷ್ಟು ಹಣವಿಲ್ಲದ ಕಾರಣ, ರೈಲಿನ ಗುಣಗಳನ್ನೇ ಬಸ್ಸಿಗೆ ತೊಡಿಸುವ ಯತ್ನ ನಡೆದು, 1974ರಲ್ಲಿ ಮುಖ್ಯ ಬೀದಿಗಳ ನಡುವೆ ಬಸ್ಸಿಗೆಂದೇ ಮೀಸಲಾದ ಪಥಗಳು ತೆರೆದುಕೊಂಡವು. ಈ ಪಥಗಳ ಅಕ್ಕಪಕ್ಕದಲ್ಲಿ ಮಾತ್ರ ಎತ್ತರದ ಕಟ್ಟಡಗಳಿಗೆ ಹೆಚ್ಚಿನ ಅವಕಾಶ ಕೊಟ್ಟು, ಜನವಸತಿ ಬಸ್ಸಿನ ದಾರಿಯನ್ನೇ ಅನುಸರಿಸಿ ಬೆಳೆಯುವಂತೆ ನೋಡಿಕೊಂಡದ್ದು ಈ ಯೋಜನೆಯ ದೂರದೃಷ್ಟಿಗೆ ಸಾಕ್ಷಿ. 1991ರಲ್ಲಿ ಗಾಜಿನ ಕೊಳವೆಯಾಕಾರದ ನಿಲ್ದಾಣಗಳೂ, ಮರುವರ್ಷ ಮೂರು ಭಾಗಗಳನ್ನು ಎರಡು ಕೀಲುಗಳಿಂದ ಜೋಡಿಸಿದ, ಸುಮಾರು 270 ಜನರನ್ನು ಹೊರಬಲ್ಲ ಬಸ್ಸುಗಳೂ ಬಂದವು. ಇಂಥ ವ್ಯವಸ್ಥೆಯೇ ಇಂದು ‘ತ್ವರಿತ ಬಸ್ ಸಾರಿಗೆ’ ಅಥವಾ ಬಿಆರ್‌ಟಿಎಸ್ ಎಂದು ಕರೆಸಿಕೊಳ್ಳುತ್ತದೆ.

ಬಸ್ಸಿನ ಎಂಜಿನ್ನನ್ನು ಬದಲಿಸದೆಯೇ ಇಲ್ಲಿ ವೇಗ ಗಳಿಸಲಾಗಿದೆ. ನಗರದ ಬಸ್ಸು ನಿಧಾನವಾಗುವುದು ಓಡುವಾಗಿನಷ್ಟೇ ನಿಂತಾಗಲೂ. ಮೆಟ್ಟಿಲು ಹತ್ತುವುದು, ಇಳಿಯುವವರಿಗಾಗಿ ಕಾಯುವುದು, ಚಿಲ್ಲರೆಗಾಗಿ ತಡಕುವುದು ಇವೆಲ್ಲ ಸೇರಿ ಸಮಯವನ್ನು ನುಂಗುತ್ತವೆ. ಒಂದು ನಿಲ್ದಾಣದಲ್ಲಿ 30 ಜನ ಹತ್ತಿ ಇಳಿಯುತ್ತಾರೆ, ಒಬ್ಬೊಬ್ಬರಿಗೆ ಮೂರು ಸೆಕೆಂಡು ಬೇಕು ಎಂದಿಟ್ಟುಕೊಂಡರೆ ಬಸ್ಸು ಅಲ್ಲಿ ಒಂದೂವರೆ ನಿಮಿಷ ನಿಲ್ಲುತ್ತದೆ. ಟಿಕೆಟ್ಟನ್ನು ನಿಲ್ದಾಣದ ಬಾಗಿಲಲ್ಲೇ ಪಡೆದು, ಬಸ್ಸಿನ ನೆಲದಷ್ಟೇ ಎತ್ತರದ ಕಟ್ಟೆಯಿಂದ ಅಗಲವಾದ ಹಲವು ಬಾಗಿಲುಗಳ ಮೂಲಕ ಒಳನಡೆಯುವಂತಾದರೆ ಆ ನಿಲುಗಡೆ 15 ಸೆಕೆಂಡಿಗೆ ಇಳಿಯಬಹುದು. ಇಪ್ಪತ್ತು ನಿಲ್ದಾಣಗಳಲ್ಲಿ ಹೀಗೆ ಉಳಿಯುವ ಸಮಯ 25 ನಿಮಿಷ. ಅಂದರೆ ಅದೇ ಬಸ್ಸು, ಅದೇ ಚಾಲಕ, ದಿನಕ್ಕೆ ಇನ್ನೂ ಕೆಲವು ಸುತ್ತು ಹೆಚ್ಚು ಓಡಬಹುದು. ಗಾಲಿಕುರ್ಚಿಯವರಿಗೂ ವೃದ್ಧರಿಗೂ ಮೆಟ್ಟಿಲಿನ ಅಡ್ಡಿ ತಪ್ಪುವುದು ಇದರ ಜೊತೆಗೇ ದೊರೆಯುವ ಲಾಭ.

ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 2000ದ ಡಿಸೆಂಬರಿನಲ್ಲಿ ಮೇಯರ್ ಎನ್ರಿಕೆ ಪೆನಾಲೋಸಾ ಅವರ ಕಾಲದಲ್ಲಿ ಆರಂಭವಾದ ‘ಟ್ರಾನ್ಸ್‌ಮಿಲೇನಿಯೊ’ ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿತು. ನಿಲ್ದಾಣಗಳ ಬಳಿ ಒಂದು ಬಸ್ಸು ನಿಂತಿರುವಾಗ ಮತ್ತೊಂದು ಅದನ್ನು ದಾಟಿ ಹೋಗಲು ಹೆಚ್ಚುವರಿ ಪಥವಿದ್ದುದರಿಂದ, ಎಲ್ಲ ಕಡೆ ನಿಲ್ಲುವ ಬಸ್ಸುಗಳೂ ನೇರವಾಗಿ ಸಾಗುವ ಬಸ್ಸುಗಳೂ ಒಂದೇ ದಾರಿಯಲ್ಲಿ ಓಡುವಂತಾಗಿ, ಅತಿ ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಒಂದೇ ದಿಕ್ಕಿನಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಪ್ರಯಾಣಿಸುವುದು ಸಾಧ್ಯವಾಯಿತು. ಇದು ಅನೇಕ ಮೆಟ್ರೊ ಮಾರ್ಗಗಳಿಗೆ ಸಮನಾದ ಪ್ರಮಾಣ.

ಆದರೆ ಈ ವ್ಯವಸ್ಥೆಯ ದೊಡ್ಡ ತೊಡಕು ತಾಂತ್ರಿಕವಾದುದಲ್ಲ, ಅದು ಕಣ್ಣಿನದು. ನಿಮಿಷಕ್ಕೊಂದು ಬಸ್ಸು, ಬಸ್ಸೊಂದರಲ್ಲಿ 70 ಜನ ಎಂದರೆ ಆ ಪಥದಲ್ಲಿ ಗಂಟೆಗೆ 4,200 ಜನ ಸಾಗುತ್ತಾರೆ. ಪಕ್ಕದಲ್ಲಿ ಕಾರುಗಳಿಂದ ಕಿಕ್ಕಿರಿದ ಪಥ ಅದರ ಅರ್ಧದಷ್ಟು ಜನರನ್ನು ಸಾಗಿಸುವುದೂ ಕಷ್ಟ. ಆದರೂ ನಿಮಿಷದ ಬಹುಪಾಲು ಬಸ್ಸಿನ ಪಥ ಬರಿದಾಗಿ ಕಾಣುವುದರಿಂದ, ಕಾರಿನಲ್ಲಿ ಕಾದು ಕುಳಿತವರಿಗೆ ಅದು ವ್ಯರ್ಥವಾದ ಜಾಗವೆಂದೇ ತೋರುತ್ತದೆ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ ತೆರೆದ ಕಿರು ಮಾರ್ಗವನ್ನು 2016ರಲ್ಲಿ ಕಿತ್ತುಹಾಕಲಾಯಿತು. ಅಲ್ಲಿನ ವಿನ್ಯಾಸದಲ್ಲಿ ಕೊರತೆಗಳಿದ್ದವು ಎಂಬುದು ನಿಜ. ಆದರೆ ತಮ್ಮ ಪಾಲಿನ ರಸ್ತೆ ಕಿರಿದಾಯಿತೆಂಬ ವಾಹನ ಮಾಲೀಕರ ಅಸಮಾಧಾನವೂ ಅದರ ಮೇಲೆ ಭಾರವಾಗಿಯೇ ಬಿದ್ದಿತ್ತು. 2009ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ‘ಜನಮಾರ್ಗ’ ಮಾತ್ರ ನಿಲ್ದಾಣದಲ್ಲೇ ಟಿಕೆಟ್, ಸಮತಲದ ಕಟ್ಟೆ ಮುಂತಾದ ಅಂಗಗಳನ್ನು ಒಟ್ಟಿಗೆ ಅಳವಡಿಸಿಕೊಂಡು ಉಳಿದು ಬೆಳೆಯಿತು.

ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ನೆಲೆಯಾದದ್ದು ಹುಬ್ಬಳ್ಳಿ–ಧಾರವಾಡ. ವ್ಯಾಪಾರದ ಊರು ಒಂದು, ವಿದ್ಯೆಯ ಊರು ಇನ್ನೊಂದು. 1962ರಿಂದ ಒಂದೇ ಮಹಾನಗರ ಪಾಲಿಕೆಯಡಿ ಇರುವ ಈ ಅವಳಿ ನಗರಗಳ ನಡುವೆ ಒಂದೇ ದಾರಿಯಲ್ಲಿ ದಿನವಿಡೀ ಜನ ಓಡಾಡುವುದರಿಂದ, ಬಿಆರ್‌ಟಿಎಸ್‌ಗೆ ಬೇಕಾದ ಭೂರಚನೆ ಇಲ್ಲಿ ತಾನಾಗಿಯೇ ಒದಗಿತ್ತು. ವಿಶ್ವಬ್ಯಾಂಕಿನ ನೆರವಿನಿಂದ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ನಿರ್ಮಿತವಾದ ಈ ಮಾರ್ಗದಲ್ಲಿ 2018ರಲ್ಲಿ ಪ್ರಾಯೋಗಿಕ ಸಂಚಾರ ಆರಂಭವಾಗಿ, 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ ನಡೆಯಿತು. ಬಸ್ಸುಗಳಿಗೆ ಇಟ್ಟ ಹೆಸರು ‘ಚಿಗರಿ’. ಉತ್ತರ ಕರ್ನಾಟಕದ ಮಾತಿನಲ್ಲಿ ಜಿಂಕೆ. ರಸ್ತೆಯ ನಡುವಿನ ನಿಲ್ದಾಣಗಳಿಗೆ ಹೊಂದುವಂತೆ ಬಲಬದಿಯಲ್ಲಿ ಬಾಗಿಲು, ನಿಲ್ದಾಣದ ಒಳಬಾಗಿಲಲ್ಲೇ ಟಿಕೆಟ್ ತಪಾಸಣೆ, ದಾಟಿ ಹೋಗಲು ಹೆಚ್ಚುವರಿ ಪಥ ಇವೆಲ್ಲ ಕುರಿಟಿಬಾ ಮತ್ತು ಬೊಗೊಟಾಗಳ ಪಾಠಗಳೇ.

ಮೀಸಲು ಪಥದಲ್ಲಿ ಇತರ ವಾಹನಗಳನ್ನೂ ಬಿಡಬೇಕೆಂಬ ಒತ್ತಾಯ ಇಲ್ಲಿಯೂ ಕೇಳಿಬಂದಿದೆ. ಪಕ್ಕದ ರಸ್ತೆ ಕಿರಿದಾಗಿದೆ ಎಂಬ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ರಸ್ತೆ ದಾಟುವವರ ಸುರಕ್ಷತೆ, ನಿಲ್ದಾಣದಿಂದ ಬಡಾವಣೆಗಳಿಗೆ ಸಂಪರ್ಕ ಬಸ್ಸು, ಕಾಲುದಾರಿ ಇವೂ ಪಥದಷ್ಟೇ ಗಮನ ಬೇಡುತ್ತವೆ. ಆದರೆ ಪಥವನ್ನು ಎಲ್ಲರಿಗೂ ತೆರೆದರೆ ಪ್ರೇರಿತ ಬೇಡಿಕೆಯ ನಿಯಮದಂತೆ ಅದೂ ಬೇಗನೆ ತುಂಬಿ, ನಿಲ್ದಾಣದಲ್ಲಿ ಉಳಿಸಿದ ಸೆಕೆಂಡುಗಳನ್ನು ಚಿಗರಿ ಮತ್ತೆ ರಸ್ತೆಯಲ್ಲಿ ಕಳೆದುಕೊಳ್ಳುತ್ತದೆ. ಆ ಪಥ ಬರಿದಾಗಿ ಕಾಣುವುದೇ ಬಸ್ಸು ಹೊತ್ತಿಗೆ ಸರಿಯಾಗಿ ದಾಟಿ ಹೋಗಿದೆ ಎಂಬುದರ ಗುರುತು.