ಅಮಾವಾಸ್ಯೆಯ ರಾತ್ರಿ ಚುಕ್ಕಿಗಳ ಫೋಟೋ

ಕಸೂತಿ, ಹೊಲಿಗೆ, ರಂಗೋಲಿ ಎಂದರೆ ಹೆಣ್ಣುಮಕ್ಕಳ ಹವ್ಯಾಸವೆಂದು ಎಲ್ಲರೂ ಒಪ್ಪುತ್ತಾರೆ. ರಾತ್ರಿ ಮಾಳಿಗೆ ಹತ್ತಿ ಚುಕ್ಕಿಗಳ ಫೋಟೋ ತೆಗೆಯುತ್ತೇನೆ ಎಂದರೆ ಮಾತ್ರ ಹುಬ್ಬೇರಿಸುತ್ತಾರೆ. ಅದೂ ಅಮಾವಾಸ್ಯೆಯ ದಿನ! "ಅಮಾಸಿ ರಾತ್ರಿ ಹೊರಗ ನಿಂತು ಏನ್ ಮಾಡ್ತೀ ಯವ್ವಾ, ಗಾಳಿ ಗೀಳಿ ಬಡದೀತು" ಎನ್ನುವ ಹಿರಿಯರು ನಮ್ಮ ಭೂಸನೂರಿನಲ್ಲೂ ಇದ್ದಾರೆ, ನಿಮ್ಮೂರಿನಲ್ಲೂ ಇದ್ದಾರು. ಆದರೆ ಸೋದರಿಯರೇ, ಈ ಹವ್ಯಾಸಕ್ಕೆ ಆ ರಾತ್ರಿಯೇ ಎಲ್ಲಕ್ಕಿಂತ ಮೇಲು. ಬೆಳದಿಂಗಳಿದ್ದರೆ ಸಣ್ಣ ಚುಕ್ಕಿಗಳೆಲ್ಲ ಅದರಲ್ಲಿ ಮುಳುಗಿಬಿಡುತ್ತವೆ.

ಆಕಾಶದ ಅಂಜಿಕೆ ನಮಗೆ ಹಳೆಯದು. 1980ರ ಫೆಬ್ರುವರಿ 16ರಂದು ರಾಯಚೂರಿನ ಕಡೆ ಸೂರ್ಯನಿಗೆ ಪೂರ್ಣ ಗ್ರಹಣ ಹಿಡಿದಾಗ, ಅದರ ಫೋಟೋ ತೆಗೆಯಲು ವಿಜ್ಞಾನಿಗಳು ದೂರದಿಂದ ಬಂದಿಳಿದಿದ್ದರು. ನಮ್ಮ ತಾಯಂದಿರು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು! (ಸೂರ್ಯನ ಕಡೆ ಮಾತ್ರ, ತಕ್ಕ ಫಿಲ್ಟರ್ ಇಲ್ಲದೆ ಕಣ್ಣನ್ನಾಗಲಿ ಕ್ಯಾಮೆರಾವನ್ನಾಗಲಿ ತಿರುಗಿಸಲೇಬಾರದು. ರಾತ್ರಿಯ ಚುಕ್ಕಿಗಳಿಂದ ಅಂಥ ಭಯವಿಲ್ಲ.)

ಶುರು ಮಾಡಲು ಎಳ್ಳಮಾಸಿಗಿಂತ ಒಳ್ಳೆಯ ದಿನ ಬೇರೆ ಬೇಕೆ? ಹೇಗೂ ಸಜ್ಜಿರೊಟ್ಟಿ, ಭಜ್ಜಿಪಲ್ಯದ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಹೊತ್ತು ಮುಳುಗಿದ ಕೂಡಲೇ ಗಾಡಿ ಕಟ್ಟದೆ ಎರಡು ತಾಸು ಅಲ್ಲೇ ಉಳಿಯಿರಿ. ಚಳಿಗಾಲದ ತಿಳಿ ಆಕಾಶ, ಜೊತೆಗೆ ಮನೆಯವರೆಲ್ಲ ಇರುವ ಧೈರ್ಯ. ಎಂಟು ಗಂಟೆಯ ಹೊತ್ತಿಗೆ ಪೂರ್ವಕ್ಕೆ ಸಾಲಾಗಿ ಮೂರು ಚುಕ್ಕಿ ಕಾಣುತ್ತವಲ್ಲ, ಅದೇ ಮಹಾವ್ಯಾಧನ ನಡುಪಟ್ಟಿ.

ಈಗಿನ ಎಷ್ಟೋ ಮೊಬೈಲುಗಳಲ್ಲಿ 'ಪ್ರೊ' ಎಂಬ ವ್ಯವಸ್ಥೆ ಇದೆ. ಅದರಲ್ಲಿ ಐಎಸ್‌ಒ 1600, ಶಟರ್ 15 ಸೆಕೆಂಡು, ಫೋಕಸ್ ಅತಿ ದೂರಕ್ಕೆ ಇಡಿ. ಬೆರಳು ತಾಗಿದರೂ ಚಿತ್ರ ಅಲುಗುತ್ತದೆ, ಆದ್ದರಿಂದ ಟೈಮರ್ ಹಾಕಿ. ಸ್ಟ್ಯಾಂಡ್ ಇಲ್ಲವೇ? ಸಣ್ಣ ಚೀಲದಲ್ಲಿ ಜೋಳ ತುಂಬಿ, ಒಡ್ಡಿನ ಕಲ್ಲಿನ ಮೇಲಿಟ್ಟು, ಮೊಬೈಲನ್ನು ಅದರಲ್ಲಿ ಒತ್ತಿ ಕೂಡಿಸಿ, ಕದಲುವುದಿಲ್ಲ. ಅರ್ಧ ನಿಮಿಷ ದಾಟಿದರೆ ಚುಕ್ಕಿ ಗೆರೆಯಾಗುತ್ತದೆ, ಯಾಕೆಂದರೆ ಭೂಮಿ ತಾಸಿಗೆ 15 ಡಿಗ್ರಿ ತಿರುಗುತ್ತಲೇ ಇರುತ್ತದೆ. ಗೆರೆಯೇ ಬೇಕೆಂದರೆ ಉತ್ತರಕ್ಕೆ ತಿರುಗಿಸಿ, ಒಂದು ತಾಸು ಬಿಡದೆ ತೆಗೆದು ಜೋಡಿಸಿದರೆ ಧ್ರುವ ನಕ್ಷತ್ರದ ಸುತ್ತ ಬಳೆಬಳೆಯಾಗಿ ಕಾಣುತ್ತದೆ. ನಮ್ಮ ಕಡೆ ಧ್ರುವ ಬಹಳ ಮೇಲಿಲ್ಲ. ಚಾಚಿದ ಕೈಯ ಎರಡು ಮುಷ್ಟಿಗಿಂತ ತುಸು ಕೆಳಗೇ ಇದೆ.

ಚಿತ್ರ ಬಂದ ಮೇಲೆ ನೋಡಿ ಚೋದ್ಯ! ಕಣ್ಣಿಗೆ ಬೆಳ್ಳಗಷ್ಟೇ ಕಂಡ ಆರ್ದ್ರಾ ಕೆಂಡದ ಬಣ್ಣ, ಅದರ ಎದುರಿನ ರೈಜೆಲ್ ನೀಲಿ. ಕೃತ್ತಿಕೆಯಲ್ಲಿ ಆರೇ ಎಣಿಸಿದವರಿಗೆ ಎಷ್ಟೋ ಹೆಚ್ಚು ಸಿಗುತ್ತವೆ. ನಡುಪಟ್ಟಿಯ ಕೆಳಗೆ ಹೊಗೆಯಂಥ ಮಸುಕೊಂದಿದೆ. ಅದು ಹೊಸ ನಕ್ಷತ್ರಗಳು ಹುಟ್ಟುವ ತೊಟ್ಟಿಲು. ಅಲ್ಲಿಂದ ಬೆಳಕು ಬರಲು ಸುಮಾರು 1,300 ವರ್ಷ ಬೇಕು.

ಹುರುಪಿನಲ್ಲಿ ಮೊದಲೇ ಟೆಲಿಸ್ಕೋಪ್ ಕೊಳ್ಳಬೇಡಿ. ಹಣವಿದ್ದರೆ ಗಟ್ಟಿ ಸ್ಟ್ಯಾಂಡ್, ಆಮೇಲೆ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ. ಆಕಾಶದ ಜೊತೆ ತಿರುಗುವ ಟ್ರ್ಯಾಕರ್ ಎಲ್ಲಕ್ಕೂ ಕೊನೆಗೆ.

ದೂರ ಹೋಗುವ ಆಸೆಯಿದ್ದವರಿಗೆ ಲಡಾಖಿನ ಹಾನ್ಲೆ ಇದೆ. ಸುಮಾರು 4,500 ಮೀಟರ್ ಎತ್ತರದ ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ದೊಡ್ಡ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ತಿರುಗಿಸುತ್ತಾರಂತೆ! 2022ರಲ್ಲಿ ಆ ಸೀಮೆಯನ್ನು ಕತ್ತಲೆ ಕಾಯ್ದಿಡುವ ಪ್ರದೇಶವೆಂದು ಸಾರಿದರು. ಹಳ್ಳಿಯವರಿಗೇ ಟೆಲಿಸ್ಕೋಪ್ ಕೊಟ್ಟು ಕಲಿಸಿದ್ದಾರೆ, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬಂದವರಿಗೆ ಆಕಾಶ ತೋರಿಸಿ ನಾಲ್ಕು ಕಾಸು ಗಳಿಸುತ್ತಾರೆ, ತಮ್ಮ ದೀಪಗಳನ್ನು ಮಂದ ಮಾಡಿ, ಕಿಟಕಿಗೆ ಪರದೆ ಎಳೆಯುತ್ತಾರೆ.

ನಮ್ಮಲ್ಲಿ ನಡೆದಿರುವುದು ತಿರುಗಾಮುರುಗಾ. ಕಬ್ಬು ಅರೆಯುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಯ ಬೆಳಕು ಆ ಬದಿಯ ಆಕಾಶವನ್ನೆಲ್ಲ ತೊಳೆದುಹಾಕುತ್ತದೆ, ಊರೂರಿಗೆ ಬಿಳಿ ಎಲ್‌ಇಡಿ ಬಂದಿದೆ. ದೀಪ ಬೇಡವೆಂದು ನಾನು ಹೇಳುವವಳಲ್ಲ. ರಾತ್ರಿ ಹೊರಗೆ ಹೋಗುವ ಹೆಣ್ಣುಮಕ್ಕಳ ಕಷ್ಟ ನಮಗೇ ಗೊತ್ತು. ಆದರೆ ಬೆಳಕು ಬೀಳಬೇಕಾದ್ದು ದಾರಿಯ ಮೇಲೆ, ಆಕಾಶಕ್ಕೆ ಅದರ ಕೆಲಸವೇನು? ಮೇಲೆ ಮುಚ್ಚಳವಿದ್ದು ಕೆಳಮುಖವಾಗಿ ಉರಿಯುವ ದೀಪ ಹಾಕಿಸಿದರೆ ಓಣಿಯೂ ಬೆಳಗುತ್ತದೆ, ಕಣ್ಣಿಗೂ ಕುಕ್ಕುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಜನ ಕೂಡಿ ಇದನ್ನು ಕೇಳಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ದಿನ ಬರುತ್ತವಲ್ಲ, ಏಪ್ರಿಲ್-ಮೇ ಅಮಾವಾಸ್ಯೆಯ ನಡುರಾತ್ರಿಯ ಮೇಲೆ ಆಗ್ನೇಯಕ್ಕೆ ಆಕಾಶಗಂಗೆ ಏಳುತ್ತದೆ. ಅದನ್ನು ಹಿಡಿಯಲು ಅಷ್ಟು ಕತ್ತಲೆ ಬೇಕೇ ಬೇಕು.