ವಾರಕ್ಕೆ 28 ಗಂಟೆ: ಜಪಾನಿನ ಲೆಕ್ಕ, ಬನಹಟ್ಟಿಯ ಮಗ್ಗ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗ್ರು ಹುಡುಗೀರು ಸ್ವಲ್ಪ ಕಿವಿಗೊಡಿ. ಜಪಾನಿಗೆ ಹೋದ್ರೆ ದುಡಕೊಂಡು ಓದಬಹುದಾ? ಇವತ್ತಿನ ಪ್ರಶ್ನೆ ಇದು.

ಓದಬಹುದು, ಆದ್ರೆ ಅಳತೆ ಇದೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ಎರಡು ಕಡೆ ದುಡಿದ್ರೂ ಎರಡೂ ಸೇರಿ 28. ಕಾಲೇಜಿನ ದೊಡ್ಡ ರಜೆಯಲ್ಲಿ ಮಾತ್ರ ದಿನಕ್ಕೆ 8 ಗಂಟೆವರೆಗೆ ಅವಕಾಶ. ಇದನ್ನ ಮೀರಿದ್ರೆ ವೀಸಾ ಮುಂದುವರಿಯೋದೇ ಕಷ್ಟ.

ಸೆಪ್ಟೆಂಬರ್ ಕೊನೆಯಲ್ಲಿ ಈ ಲೆಕ್ಕ ಬಿಗಿಯಾಗುತ್ತೆ. ಬೇಸಿಗೆ ರಜೆ ಮುಗಿದು ಎರಡನೇ ಸೆಮಿಸ್ಟರ್ ಶುರು, ಗಂಟೆಗಳು ಮತ್ತೆ 28ಕ್ಕೆ ಇಳೀತವೆ. ಕ್ಯೋಟೋದಂಥ ಊರಲ್ಲಿ ಬೆಳಿಗ್ಗೆ ಸೈಕಲ್ ಹತ್ತಿ ಕ್ಲಾಸು. ಸಂಜೆ ಆರಕ್ಕೆಲ್ಲ ಕತ್ತಲೆ. ಆಮೇಲೆ 'ಕೊಂಬಿನಿ', ಅಂದ್ರೆ ಹಗಲು-ರಾತ್ರಿ ತೆರೆದಿರೋ ಅಂಗಡಿಯಲ್ಲಿ ಕೆಲಸ. ಈ ಅರೆಕಾಲಿಕ ಕೆಲಸಕ್ಕೆ ಅವರು 'ಅರುಬೈತೊ' ಅಂತಾರೆ. ಪದ ಜಪಾನಿದಲ್ಲ, ಜರ್ಮನ್ ಭಾಷೆಯಿಂದ ಬಂದಿದ್ದು!

ದುಡ್ಡೆಷ್ಟು? 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರಾಸರಿ ಕನಿಷ್ಠ ಕೂಲಿ ಗಂಟೆಗೆ 1,055 ಯೆನ್ ಆಯ್ತು. 28 ಗಂಟೆಗೆ 29,540 ಯೆನ್. ಊಟಕ್ಕೆ, ಬಾಡಿಗೆಗೆ ಆಸರೆ ಆದೀತು. ಫೀಸೂ ಇದರಲ್ಲೇ ಕಟ್ಟಿ ಮನೆಗೂ ಕಳಿಸಬಹುದು ಅಂತ ಯಾರಾದ್ರೂ ಹೇಳಿದ್ರೆ, ಗಂಟೆ ಲೆಕ್ಕ ಕೇಳಿ.

ಈಗ ನಮ್ಮೂರು. ಜಪಾನ್ ನಮಗಿಂತ ಮೂರೂವರೆ ತಾಸು ಮುಂದೆ. ಅಲ್ಲಿ ರಾತ್ರಿ 10ಕ್ಕೆ ಒಬ್ಬ ಕೊಂಬಿನಿ ಕೆಲಸ ಮುಗಿಸುವಾಗ ಬನಹಟ್ಟಿಯಲ್ಲಿ ಸಂಜೆ ಆರೂವರೆ. ಜಮಖಂಡಿ ಕಾಲೇಜಿನಿಂದ ಬಂದ ಹುಡುಗ ಬಸ್ ಇಳಿದು, ಚಾ ಕುಡಿದು, ಕಂಡಿಕಿ ಸುತ್ತೋಕೆ ಕೂತಿರ್ತಾನೆ. ದಸರಾ, ದೀಪಾವಳಿ ಮುಂದೆ ನಿಂತಿವೆ, ಸೀರೆ ಮುಗೀಬೇಕು. ಇದಕ್ಕೆ ಯಾರೂ ಕೆಲಸ ಅನ್ನಲ್ಲ. 'ಮನ್ಯಾಗ ಒಂಚೂರು ಕೈ ಹಚ್ಚತಾನ' ಅಂತಾರ, ಅಷ್ಟೇ. ಕೂಲಿ ಸೀರೆ ಲೆಕ್ಕದಲ್ಲಿ ಬರೋದ್ರಿಂದ ಗಂಟೆ ಎಣಿಸೋರು ಯಾರು?

ನಾನು ಎಣಿಸಿದ್ದೆ. ಬಿ.ಕಾಂ ಓದುವಾಗ, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕೈಕೊಟ್ಟ ಮೇಲೆ, ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಒಂದು ವಾರ ಬರೆದಿಟ್ಟೆ. ಆರು ದಿನ ನಾಲ್ಕು ನಾಲ್ಕು ತಾಸು, ಭಾನುವಾರ 10. ಒಟ್ಟು 34! ಅದರಲ್ಲೂ ಎರಡು ಸಲ ಕರೆಂಟ್ ಹೋಗಿ ಮಗ್ಗ ನಿಂತಿತ್ತು. ನಿಜ ಹೇಳ್ಬೇಕಂದ್ರೆ ಆ ವಾರ ನಾನು ಓದಿದ್ದೇ ಆವಾಗ, ಮೊಬೈಲ್ ಟಾರ್ಚ್ ಹಚ್ಚಿಕೊಂಡು.

ಪುಟ ತಂದು ಅವ್ವನ ಮುಂದೆ ಹಿಡಿದೆ. ಆಕಿ ಸುಮ್ನೆ ನೋಡಿ, "ಹಂಗಾರ ನಂದೂ ಬರೀಪಾ" ಅಂದ್ಲು. ಬರೆಯೋಕೆ ಕೂತೆ. ಬುಧವಾರಕ್ಕೇ ಆಕಿ ಲೆಕ್ಕ ನನ್ನ 34 ದಾಟಿತ್ತು. ಮುಂದಿನ ಇಂಟರ್ನಲ್ಸ್ ವಾರ ಮಾತ್ರ ಅಪ್ಪ ಏನೂ ಮಾತಾಡದೆ ಕಂಡಿಕಿ ಬುಟ್ಟಿ ತನ್ನ ಕಡೆ ಎಳಕೊಂಡ.