ಗದ್ದೆಯ ನೀರಿನ ಗುಪ್ತ ವೈರಿ

ಜಪಾನ್ ದೇಶದ ಯಮನಾಶಿ ಪ್ರಾಂತದಲ್ಲಿ, ಪರ್ವತಗಳ ನಡುವೆ, ಕೋಫು ಎಂಬ ಫಲವತ್ತಾದ ಕಣಿವೆಯಿರುವುದು. ಅಲ್ಲಿನ ರೈತರನ್ನು ಬಹುಕಾಲದಿಂದ ಒಂದು ಘೋರವ್ಯಾಧಿಯು ಪೀಡಿಸುತ್ತಿದ್ದಿತು. ಮೊದಲು ಜ್ವರ, ಭೇದಿ, ವರುಷಗಳು ಕಳೆದಂತೆ ಕೈಕಾಲುಗಳು ಕಡ್ಡಿಯಂತಾಗಿ ಹೊಟ್ಟೆಯೊಂದೇ ಕೊಡದಂತೆ ಉಬ್ಬುವುದು, ಕಡೆಗೆ ಮರಣ. ಗದ್ದೆಗೆ ಇಳಿದವರಿಗೇ ಈ ರೋಗ; ಇಳಿಯದಿದ್ದರೆ ಅನ್ನವಿಲ್ಲ!

1897ರಲ್ಲಿ ಸುಗಿಯಾಮಾ ನಾಕಾ ಎಂಬ ರೈತಗೃಹಿಣಿಯು ಇದೇ ರೋಗದಿಂದ ಮರಣೋನ್ಮುಖಳಾದಳು. ತಾನು ಸತ್ತ ಬಳಿಕ ತನ್ನ ದೇಹವನ್ನು ಕೊಯ್ದು ಪರೀಕ್ಷಿಸಿ ರೋಗದ ಮೂಲವನ್ನು ಕಂಡುಹಿಡಿಯಬೇಕೆಂದು ಆಕೆ ವೈದ್ಯರನ್ನು ಬೇಡಿಕೊಂಡಳು. ಆಕೆಯ ಯಕೃತ್ತಿನಲ್ಲಿ ಅಪರಿಚಿತವಾದ ಹುಳುವಿನ ಮೊಟ್ಟೆಗಳು ಕಂಡುಬಂದವು. 1904ರಲ್ಲಿ ಡಾಕ್ಟರ್ ಕತ್ಸುರಾದಾ ಅವರು ಅದೇ ಸೀಮೆಯ ಬೆಕ್ಕೊಂದರ ರಕ್ತನಾಳದಲ್ಲಿ ಆ ಹುಳುವನ್ನೇ ಕಂಡರು. ಅದು ಕುಡಿಯುವ ನೀರಿನಿಂದಲ್ಲ, ಚರ್ಮವನ್ನು ಕೊರೆದು ಒಳಹೊಗುವುದೆಂದು 1909ರ ಪ್ರಯೋಗಗಳು ತೋರಿಸಿಕೊಟ್ಟವು.

ಆದರೆ ಮೊಟ್ಟೆಯಿಂದ ಹೊರಟ ಮರಿಗೆ ಚರ್ಮವನ್ನು ಕೊರೆವ ಶಕ್ತಿಯಿಲ್ಲ. ಹಾಗಾದರೆ ನಡುವೆ ಅದು ಬೆಳೆಯುವುದೆಲ್ಲಿ? 1913ರಲ್ಲಿ ಕ್ಯೂಷೂ ದ್ವೀಪದಲ್ಲಿ ಮಿಯಾಯಿರಿ ಮತ್ತು ಸುಜುಕಿ ಎಂಬ ಪಂಡಿತರು ಈ ಒಗಟನ್ನು ಬಿಡಿಸಿದರು. ಭತ್ತದ ಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ಬಸವನಹುಳುವೇ ಅದರ ತೌರುಮನೆ! ರೋಗಿಯ ಮಲದೊಡನೆ ನೀರನ್ನು ಸೇರಿದ ಮೊಟ್ಟೆಯೊಡೆದು ಮರಿಯು ಈ ಬಸವನಹುಳುವಿನ ಒಡಲನ್ನು ಹೊಗುವುದು. ಅಲ್ಲಿ ಕೆಲವು ವಾರಗಳಲ್ಲಿ ಒಂದು ನೂರಾರಾಗಿ, ಬಾಲವುಳ್ಳ ಸೂಕ್ಷ್ಮಕ್ರಿಮಿಗಳಾಗಿ ಹೊರಬಂದು, ನೀರಿಗಿಳಿದವರ ಚರ್ಮವನ್ನು ಕೆಲವೇ ನಿಮಿಷಗಳಲ್ಲಿ ಭೇದಿಸುವುದು.

ವೈರಿಯ ಮನೆ ತಿಳಿದ ಮೇಲೆ ಯುದ್ಧವು ಸುಗಮವಾಯಿತೆಂದಲ್ಲ. ಆದರೆ ಅದಕ್ಕೊಂದು ದಾರಿ ದೊರೆಯಿತು. ಹಳ್ಳಿಗರು, ಮಕ್ಕಳು ಸಹ, ಕಡ್ಡಿಗಳಿಂದ ಬಸವನಹುಳುಗಳನ್ನು ಆರಿಸಿದರು. ಕಾಲುವೆಗಳಿಗೆ ಸುಣ್ಣ ಹಾಕಿದರು. ಮುಂದೆ ಅವುಗಳ ದಡಗಳನ್ನೇ ಕಾಂಕ್ರೀಟಿನಿಂದ ಕಟ್ಟಿದರು. ತಲೆಮಾರುಗಳ ದುಡಿಮೆಯ ಫಲವಾಗಿ 1996ರಲ್ಲಿ ಯಮನಾಶಿಯಲ್ಲಿ ರೋಗವು ಕೊನೆಗೊಂಡಿತೆಂದು ಸಾರಲಾಯಿತು. ಜನರ ಹಿತಕ್ಕಾಗಿ ನಾಶವಾದ ಆ ಕ್ಷುದ್ರಪ್ರಾಣಿಗಳ ಸ್ಮರಣೆಗಾಗಿ ಕ್ಯೂಷೂವಿನ ಕುರುಮೆಯಲ್ಲಿ 2000ದಲ್ಲಿ ಒಂದು ಶಿಲೆಯನ್ನೂ ನಿಲ್ಲಿಸಿರುವರು.

ಈಗ ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆಯು ದೇಹದಲ್ಲಿನ ಹುಳುವನ್ನು ಕೊಲ್ಲುವುದು. ಆದರೆ ವಾಸಿಯಾದವನು ಮತ್ತೆ ಅದೇ ನೀರಿಗೆ ಇಳಿದರೆ ರೋಗವು ಮತ್ತೆ ಅಂಟಬಹುದು. ಆದುದರಿಂದ ಔಷಧದೊಡನೆ ನೀರಿನ ಶುದ್ಧಿಯೂ ಅಗತ್ಯ.

ಇದು ದೂರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ದನಗಳಿಗೆ ಬರುವ ಗೊರಕೆ ರೋಗಕ್ಕೂ ಇದೇ ಕುಲದ ಹುಳುವೇ ಕಾರಣ. ಮದ್ರಾಸ್ ಪ್ರಾಂತದ ದನಗಳಲ್ಲಿದ್ದ ಅದನ್ನು 1933ರಲ್ಲಿ ಎಂ. ಅನಂತನಾರಾಯಣ ರಾವ್ ಅವರು ವರ್ಣಿಸಿದರು. ಅದು ಮೂಗಿನ ರಕ್ತನಾಳಗಳಲ್ಲಿ ನೆಲಸುವುದು. ದನವು ನೀರು ಕುಡಿಯುವಾಗ ಸಿಂಬಳದೊಡನೆ ಮೊಟ್ಟೆಗಳು ಕೆರೆಗೆ ಬೀಳುವುವು. ಅಲ್ಲಿನ ಚಪ್ಪಟೆ ಸುರುಳಿಯ ಬಸವನಹುಳು ಅವುಗಳ ಮರಿಗಳನ್ನು ಬೆಳೆಸುವುದು.

ಉಸಿರಾಡುವಾಗ ಗೊರಗೊರನೆ ಸದ್ದು ಮಾಡುವ ಹಸುವನ್ನು ಕಂಡೊಡನೆ ಗೃಹಸ್ಥರು ಪಶುವೈದ್ಯರಿಗೆ ತೋರಿಸಬೇಕು. ನಿಂತ ನೀರಿಗೆ ದನಗಳನ್ನು ಇಳಿಸದೆ, ಬಾವಿಯ ನೀರನ್ನು ಸೇದಿ ತೊಟ್ಟಿಯಲ್ಲಿ ಕುಡಿಸುವುದು ಲೇಸು. ದಿನಕ್ಕೆ ನಾಲ್ಕು ಕೊಡ ನೀರಿನ ಶ್ರಮವು ಒಂದು ಹಸುವಿನ ಆರೋಗ್ಯಕ್ಕಿಂತ ಹೆಚ್ಚಿನದೇ?